ಡಿವಿಡಿಗೆ ಬರೆದ ಮೇಲೆ ಕನ್ನಡ ಫೈಲ್ ಹೆಸರು ತುಂಡಾಗುವುದೇಕೆ?

ಲಿನಕ್ಸ್‌ನಲ್ಲಿ ಬರೆದ ಹಾಡಿನ ಡಿವಿಡಿ ಅಲ್ಲಿ ಸರಿಯಾಗಿ ಕಾಣುತ್ತದೆ, ವಿಂಡೋಸ್‌ನಲ್ಲಿ ಹೆಸರು ಅರ್ಧಕ್ಕೇ ನಿಲ್ಲುತ್ತದೆ, ಹಳೆಯ ಪ್ಲೇಯರ್‌ನಲ್ಲಿ ಬರೀ ಅಂಡರ್‌ಸ್ಕೋರ್, ಯಾಕೆ ಎಂದು ಕೇಳಿದ್ದೀರಿ. ಗಾಬರಿ ಬೇಡ, ಹಾಡುಗಳು ಎಲ್ಲಿಯೂ ಹೋಗಿಲ್ಲ. ಒಂದೇ ಡಿಸ್ಕಿನಲ್ಲಿ ಹೆಸರುಗಳ ಎರಡು ಮೂರು ಪಟ್ಟಿ ಇರಬಹುದು. ಯಾವ ಯಂತ್ರಕ್ಕೆ ಯಾವುದು ಗೊತ್ತೋ ಅದನ್ನು ಓದುತ್ತದೆ.

ನಾನಿರುವುದು ಧಾರವಾಡದಲ್ಲಿ. ಗದಗ, ಹಾವೇರಿ ಕಡೆಯ ಹಳ್ಳಿಗಳಲ್ಲಿ ಹಂತಿ ಪದ, ಬೀಸುವ ಪದದಂಥ ಜನಪದ ಹಾಡು ರೆಕಾರ್ಡ್ ಮಾಡಿ, ಹಾಡಿದವರ ಮನೆಗೆ ಒಂದೊಂದು ಡಿಸ್ಕ್ ಕೊಡುತ್ತೇನೆ. ಶುರುವಿನಲ್ಲಿ ಒಬ್ಬ ಅಜ್ಜಿಯ ಮಗ ಫೋನ್ ಮಾಡಿ, "ಸರ್, ನಮ್ಮವ್ವನ ಹಾಡು ಯಾವ್ದು, ಬ್ಯಾರೇದವ್ರದು ಯಾವ್ದು, ಒಂದೂ ತಿಳೀವಲ್ದು" ಅಂದರು. ಫೈಲ್ ಹೆಸರಿನಲ್ಲಿ ಮೊದಲಿಗೆ ಹಾಡಿನ ಪೂರ್ತಿ ಸಾಲು, ಕೊನೆಗೆ ಹಾಡಿದವರ ಹೆಸರು ಇಟ್ಟಿದ್ದೆ. ಕತ್ತರಿ ಬಿದ್ದದ್ದು ಕೊನೆಗೇ. ಹಾಡು ಉಳಿದು ಹಾಡಿದವರ ಹೆಸರು ಹೋಯಿತಲ್ಲ ಎಂದು ಬಹಳ ಕೆಟ್ಟದೆನಿಸಿತು.

ಡಿಸ್ಕಿನಲ್ಲಿ ಫೈಲ್ ಹೆಸರು ಬರೆಯುವ ಮೂಲ ಪದ್ಧತಿ 1988ರ ಐಎಸ್‌ಒ 9660. ಅದರ ಮೊದಲ ಹಂತದಲ್ಲಿ ಹೆಸರಿಗೆ 8 ಅಕ್ಷರ, ಎಕ್ಸ್‌ಟೆನ್ಶನ್‌ಗೆ (ಹೆಸರಿನ ಚುಕ್ಕೆಯ ನಂತರದ ಭಾಗಕ್ಕೆ) 3. ಅದೂ ಇಂಗ್ಲಿಷ್ ದೊಡ್ಡಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರ. ಕನ್ನಡಕ್ಕೆ ಜಾಗವೇ ಇಲ್ಲ, ಇದನ್ನಷ್ಟೇ ಓದುವ ಹಳೆಯ ಪ್ಲೇಯರ್‌ನಲ್ಲಿ ಅಂಡರ್‌ಸ್ಕೋರ್ ಕಂಡದ್ದು ಅದಕ್ಕೇ. ಇದಕ್ಕೆ ಸೇರಿಸಲು ಮೈಕ್ರೋಸಾಫ್ಟ್ ಮಾಡಿದ, ವಿಂಡೋಸ್ ಓದುವ ಜೋಲಿಯೆಟ್ ಎಂಬ ಪಟ್ಟಿಯಲ್ಲಿ ಕನ್ನಡ ಬರುತ್ತದೆ, ಆದರೆ 64 ಸಂಕೇತಕ್ಕೆ ಮುಗಿಯುತ್ತದೆ. ಲಿನಕ್ಸ್ ಓದುವ ರಾಕ್ ರಿಡ್ಜ್ ಎಂಬ ಇನ್ನೊಂದು ಪಟ್ಟಿಯಲ್ಲಿ 255 ಬೈಟ್‌ವರೆಗೆ ಹೋಗಬಹುದು. ನಿಮಗೆ ಲಿನಕ್ಸ್‌ನಲ್ಲಿ ಸರಿ ಕಂಡದ್ದು ಇದರಿಂದ.

ಈ 64 ನಮಗೆ ಬೇಗ ತುಂಬುತ್ತದೆ. 'ಡೊಳ್ಳಿನ' ಎಂದು ಬರೆದು ನೋಡಿ. ಕಣ್ಣಿಗೆ ಮೂರೇ ಅಕ್ಷರ, ಕಂಪ್ಯೂಟರಿಗೆ ಏಳು: ಡ, ಅದರ ಒಕಾರದ ಚಿಹ್ನೆ, ಳ, ಹಲಂತ, ಮತ್ತೊಂದು ಳ, ಇಕಾರದ ಚಿಹ್ನೆ, ನ. ಒತ್ತಕ್ಷರ ಬಂದಷ್ಟೂ ಲೆಕ್ಕ ಏರುತ್ತದೆ. ರಾಕ್ ರಿಡ್ಜ್‌ನಲ್ಲೂ ಅಷ್ಟೇ; ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಇವು ಒಂದೊಂದೂ 3 ಬೈಟ್, ಅಂದರೆ 255ರಲ್ಲಿ ಹಿಡಿಸುವುದು 85 ಮಾತ್ರ.

ಚಿಹ್ನೆಗಳ ಕಡೆಯೂ ನಿಗಾ ಇರಲಿ. ಲಿನಕ್ಸ್ ಪ್ರಶ್ನಾರ್ಥಕ ಚಿಹ್ನೆ, ಕೋಲನ್ ಎರಡನ್ನೂ ಬಿಡುತ್ತದೆ, ವಿಂಡೋಸ್ ಬಿಡುವುದಿಲ್ಲ. ನಮ್ಮ ಪದಗಳ ಮೊದಲ ಸಾಲು ಎಷ್ಟೋ ಸಲ ಪ್ರಶ್ನೆಯೇ ಆಗಿರುತ್ತದೆ, ರೆಕಾರ್ಡಿಂಗ್ ಸಮಯ ಬರೆಯುವಾಗ ಕೋಲನ್ ತಾನಾಗಿ ಬಂದುಬಿಡುತ್ತದೆ.

ಈಗ ನಾನು ಫೈಲಿಗೆ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಎಚ್‌ಟಿ01 ಥರದ ಚಿಕ್ಕ ಹೆಸರಷ್ಟೇ ಇಡುತ್ತೇನೆ. ಬರೆಯುವಾಗ ಜೋಲಿಯೆಟ್, ರಾಕ್ ರಿಡ್ಜ್ ಎರಡಕ್ಕೂ ಟಿಕ್ ಹಾಕುತ್ತೇನೆ. ಯಾವ ನಂಬರಿನಲ್ಲಿ ಯಾರ ಯಾವ ಹಾಡು ಎಂಬ ಕನ್ನಡ ಪಟ್ಟಿಯನ್ನು ಯುಟಿಎಫ್-8 ಟೆಕ್ಸ್ಟ್ ಫೈಲಾಗಿ ಡಿಸ್ಕಿಗೇ ಸೇರಿಸುತ್ತೇನೆ. ಪ್ಲೇಯರ್‌ನಲ್ಲಿ ಕೇಳುವವರಿಗೆ ಅದು ಕಾಣುವುದಿಲ್ಲ, ಹಾಗಾಗಿ ಪ್ರಿಂಟ್ ತೆಗೆದು ಕವರಿನಲ್ಲೂ ಇಡುತ್ತೇನೆ, ಪ್ರತಿ ಸಾಲಿನಲ್ಲೂ ಹಾಡಿದವರ ಹೆಸರು ಮೊದಲು ಬರುವಂತೆ.