ಎಡಗೈಯ ಮೀನಿನ ಮುಳ್ಳು

ಪ್ರಶ್ನೆ: ನನಗೆ 49 ವರ್ಷ. ನಾಪೋಕ್ಲು ಕಡೆ ನಮ್ಮದು ಸಣ್ಣ ಕಾಫಿ ತೋಟ. ಒಬ್ಬಳೇ ಮಗಳು, 22 ವರ್ಷ, ಬಿ.ಕಾಂ. ಮುಗಿಸಿ ಬೆಂಗಳೂರಲ್ಲಿ ಕೆಲಸದಲ್ಲಿದ್ದಾಳೆ. ಎರಡು ವರ್ಷದಿಂದ ಅವಳಿಗೆ ಟ್ಯಾಟೂ ಹುಚ್ಚು. ಲೇಡಿ ಗಾಗಾ ಎಂಬ ಹಾಡುಗಾರ್ತಿ ಅಂದರೆ ಪ್ರಾಣ. ಆಕೆಯ ಮೈಮೇಲೆ ಎಷ್ಟು ಹಚ್ಚೆ ಇವೆ, ಯಾವುದು ಯಾಕೆ ಎಂದು ಬಾಯಿಪಾಠ ಒಪ್ಪಿಸುತ್ತಾಳೆ. ಅಪ್ಪನಿಗೆ ಹಾರ್ಟ್ ಆಪರೇಷನ್ ಆದಾಗ ಹಾಕಿಸಿಕೊಂಡದ್ದು ಇದು, ಸತ್ತ ಅತ್ತೆಯ ನೆನಪಿಗೆ ಅದು, ಹೀಗೆ. ಮಗಳ ಎಡಗೈಯಲ್ಲಿ ಈಗ ನಾಲ್ಕು ಇವೆ. ಒಂದು ಗುಲಾಬಿ, ಒಂದು ಇಂಗ್ಲಿಷ್ ಸಾಲು, ಒಂದು ಸಂಗೀತದ ಗುರುತು. ನಾಲ್ಕನೆಯದು ಏನೋ ಗೊತ್ತಿಲ್ಲ. ಮೊಣಕೈ ಒಳಗಿನಿಂದ ಕೆಳಕ್ಕೆ ಉದ್ದ ಗೆರೆ, ಅದಕ್ಕೆ ಆ ಕಡೆ ಒಂದು ಈ ಕಡೆ ಒಂದು ಮೋಟು ಗೆರೆ. ನೋಡಲು ಮೀನಿನ ಮುಳ್ಳಿನ ಹಾಗೆ. ತಲೆಯೂ ಇಲ್ಲ, ಬಾಲವೂ ಇಲ್ಲ. ಇದೇನು ಎಂದು ಕೇಳಿದರೆ "ನಿನಗೆ ಹೇಳಿದರೆ ಅರ್ಥ ಆಗಲ್ಲ ಅವ್ವಾ" ಅಂದಳು. ಆ ಮಾತು ಎದೆಗೆ ಚುಚ್ಚಿತು.

ಈಗ ಹುತ್ತರಿ ಬಂತು. ಐನ್‌ಮನೆಯಲ್ಲಿ, ಅಂದರೆ ಮನೆತನದ ಮೂಲ ಮನೆಯಲ್ಲಿ, ಎಲ್ಲರೂ ಸೇರುತ್ತೇವೆ. ಕೈ ಮುಚ್ಚಿಕೊಂಡು ಬರುವುದಾದರೆ ಬರಲಿ ಎಂದು ಇವರು, ಮುಚ್ಚಬೇಕಾದರೆ ನಾನು ಬರುವುದೇ ಇಲ್ಲ ಎಂದು ಅವಳು. ಇವರು ಮೊದಲು ಹೀಗಿರಲಿಲ್ಲ. ಎಂಟು ವರ್ಷದ ಹಿಂದೆ ಮೆಣಸು ಕುಯ್ಯುವಾಗ ಬಿದ್ದು ಸೊಂಟಕ್ಕೆ ಪೆಟ್ಟಾಯಿತು. ಅಂದು ಭಾನುವಾರ, ಆಳು ಬಂದಿರಲಿಲ್ಲ, ಮಗಳು ಕೆಳಗೆ ಹಿಡಿದುಕೊಂಡು ನಿಂತಿದ್ದಳು, ಪುಣ್ಯಕ್ಕೆ ಅವಳಿಗೆ ಏನೂ ಆಗಲಿಲ್ಲ. ಆಮೇಲೆ ಇವರಿಗೆ ತೋಟಕ್ಕೆ ಇಳಿಯುವುದು ಕಷ್ಟ, ಸಿಟ್ಟು ಜಾಸ್ತಿ. ಸೈನ್ಯದಲ್ಲಿರುವ ಭಾವನ ಮಗ, ಹಚ್ಚೆ ಇದ್ದರೆ ಸರ್ಕಾರಿ ಕೆಲಸ ಸಿಗುವುದಿಲ್ಲ ಎಂದು ಹೇಳಿ ಇನ್ನಷ್ಟು ಹೆದರಿಸಿದ್ದಾನೆ. ಇಬ್ಬರ ನಡುವೆ ನಾನೇನು ಮಾಡಲಿ?

— ಹೆಸರು ಬೇಡ, ಕೊಡಗು

ಉತ್ತರ: ಮೊದಲು ತೋಳಿನ ವಿಷಯ ಮುಗಿಸಿಬಿಡೋಣ, ಅದು ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಹುತ್ತರಿ ರಾತ್ರಿ ಚಳಿ ಎಷ್ಟಿರುತ್ತದೆ ನಿಮಗೆ ಗೊತ್ತು. ನಿಮ್ಮ ಸಾಂಪ್ರದಾಯಿಕ ಕುಪ್ಪಸಕ್ಕೆ ಮೊದಲಿನಿಂದಲೂ ತುಂಬು ತೋಳೇ. ಐನ್‌ಮನೆಯ ಅಂಗಳದಲ್ಲಿ ನಿಂತ ಅರ್ಧದಷ್ಟು ಹೆಂಗಸರ ಕೈ ಹೇಗೂ ಮುಚ್ಚಿರುತ್ತದೆ, ಉಳಿದವರು ಶಾಲು ಹೊದ್ದಿರುತ್ತಾರೆ. ಗದ್ದೆಯಲ್ಲಿ ಕದಿರು ಕೊಯ್ದು, ಕೋವಿ ಸಿಡಿದು, "ಪೊಲಿ ಪೊಲಿ ದೇವಾ" ಎಂದು ಎಲ್ಲರೂ ಕೂಗುತ್ತಾ ಹೊರಟಾಗ ನಿಮ್ಮ ಮಗಳ ಮೊಣಕೈ ನೋಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ಮನೆತನದ ಹಿರಿಯರಾದ ಪಟ್ಟೆದಾರರು ನೋಡಿದರೂ ಒಂದು ಮಾತು ಗೊಣಗಿ ಊಟಕ್ಕೆ ಕೂರುತ್ತಾರೆ. ತುಂಬು ತೋಳಿನದು ಒಂದು, ಅರ್ಧ ತೋಳಿನದು ಒಂದು, ಎರಡು ಕುಪ್ಪಸ ಇಸ್ತ್ರಿ ಮಾಡಿ ಅವಳ ಕೋಣೆಯಲ್ಲಿಟ್ಟು ಸುಮ್ಮನಾಗಿ. ಹಾಕಿಕೋ ಎಂದರೆ ಹಾಕಿಕೊಳ್ಳುವುದಿಲ್ಲ. ಆ ವಯಸ್ಸಿನಲ್ಲಿ ನೀವು ಹಾಕಿಕೊಳ್ಳುತ್ತಿದ್ದಿರಾ?

ನಿಮ್ಮ ನೋವು ತೋಳಿನದ್ದಲ್ಲ. ಯಾವಳೋ ಹಾಡುಗಾರ್ತಿಯ ಮೈಮೇಲಿನ ಕಥೆಯೆಲ್ಲ ನಿಮಗೆ ಹೇಳಿದವಳು, ತನ್ನ ಕೈಮೇಲಿನ ಒಂದು ಗೆರೆಯ ಕಥೆ ಹೇಳಲಿಲ್ಲ. ಹೊಟ್ಟೆ ಉರಿಯುವ ಮಾತೇ. ಆದರೆ ಅದು ಯಾಕೆ ಹೀಗೆ ಎಂದು ಸ್ವಲ್ಪ ನೋಡೋಣ. ಅದಕ್ಕೆ ಆ ಗಾಗಾಳನ್ನೇ ಕರೆಯಬೇಕು.

ಆಕೆಯ ನಿಜ ಹೆಸರು ಸ್ಟೆಫಾನಿ ಜೊವಾನ್ ಆಂಜೆಲಿನಾ ಜರ್ಮನೊಟ್ಟಾ, ಹುಟ್ಟಿದ್ದು 1986ರಲ್ಲಿ, ನ್ಯೂಯಾರ್ಕ್‌ನಲ್ಲಿ. ನಡುವಿನ 'ಜೊವಾನ್' ಇದೆಯಲ್ಲ, ಅದು ತಂದೆಯ ಸೋದರಿಯ ಹೆಸರು. ಲೂಪಸ್ ಎಂಬ ಕಾಯಿಲೆಯಿಂದ 1974ರ ಡಿಸೆಂಬರ್ 18ರಂದು, ಬರೀ 19ನೇ ವಯಸ್ಸಿಗೆ ಆಕೆ ತೀರಿಕೊಂಡಳು. ಗಾಗಾ ಹುಟ್ಟುವ ಸುಮಾರು ಹನ್ನೊಂದು ವರ್ಷ ಮೊದಲು. ತಾನು ಕಂಡೇ ಇರದ ಅತ್ತೆಯ ಸಾವಿನ ತಾರೀಖು ಈಗ ಆಕೆಯ ಎಡತೋಳಿನ ಒಳಮೈ ಮೇಲೆ, ಕವಿ ರಿಲ್ಕೆಯ ಜರ್ಮನ್ ಸಾಲುಗಳ ನಡುವೆ ಇದೆ. ಜರ್ಮನ್ ಬಾರದವರಿಗೆ ಅದು ಕೂಡ ಗೆರೆ ಗೆರೆಯೇ. ಅಭಿಮಾನಿಗಳನ್ನು 'ಲಿಟಲ್ ಮಾನ್‌ಸ್ಟರ್ಸ್' ಎಂದು ಕರೆಯುತ್ತಾಳೆ, ಅದನ್ನೂ ಕೈಮೇಲೆ ಬರೆಸಿಕೊಂಡಿದ್ದಾಳೆ. 2009ರಲ್ಲಿ ತಂದೆಗೆ ಹೃದಯದ ಶಸ್ತ್ರಚಿಕಿತ್ಸೆಯಾದಾಗ ಎಡಭುಜದ ಮೇಲೆ ಒಂದು ಹೃದಯ, ಅದರೊಳಗೆ 'ಡ್ಯಾಡ್'. ಬಹುಪಾಲು ಎಡಕ್ಕೇ ಯಾಕೆ ಎಂದರೆ, ಒಂದು ಭಾಗವಾದರೂ ಸಾಮಾನ್ಯರಂತೆ ಇಟ್ಟುಕೋ ಎಂದು ಅಪ್ಪ ಕೇಳಿಕೊಂಡಿದ್ದರಂತೆ. ಕೋಟಿಗಟ್ಟಲೆ ಜನ ತಲೆ ಮೇಲೆ ಹೊತ್ತ ಹಾಡುಗಾರ್ತಿ, ಅಪ್ಪನ ಮಾತಿಗೆ ಅರ್ಧ ಮೈ ಬಿಟ್ಟುಕೊಟ್ಟಳು. ನಿಮ್ಮ ಮಗಳ ಬಲಗೈ ಖಾಲಿ ಇರುವುದೂ ಅದರ ಅನುಕರಣೆಯೇ ಇರಬಹುದು. ನಿಮ್ಮ ಯಜಮಾನರಿಗೆ ಇದನ್ನು ಹೇಳಿ ನೋಡಿ, ನಗಲೂಬಹುದು.

ಈ ಕಥೆಗಳನ್ನು ಹೇಳುವುದು ಮಗಳಿಗೆ ಸುಲಭ, ಯಾಕೆಂದರೆ ಅವು ಈಗಾಗಲೇ ನೂರು ಸಲ ಹೇಳಿ ಆಗಿವೆ. ಸಂದರ್ಶನದಲ್ಲಿ ಕೇಳಿದ್ದಾರೆ, ಆಕೆ ಹೇಳಿದ್ದಾಳೆ, ಪತ್ರಿಕೆಗಳು ಅಚ್ಚು ಹಾಕಿವೆ. ನೋವು ಉಜ್ಜಿ ಉಜ್ಜಿ ನುಣ್ಣಗಾಗಿದೆ, ಯಾರು ಬೇಕಾದರೂ ಕೈಯಲ್ಲಿ ಹಿಡಿಯಬಹುದು. ತನ್ನದೇ ಕಥೆಯನ್ನು ಮೊದಲ ಸಲ, ಅದೂ ಹೆತ್ತವಳ ಮುಂದೆ ಹೇಳುವುದು ಬೇರೆ. "ನಿನಗೆ ಅರ್ಥ ಆಗಲ್ಲ" ಎಂದರೆ ಎಷ್ಟೋ ಸಲ "ನನಗೆ ಹೇಳಲು ಬರುತ್ತಿಲ್ಲ" ಎಂದೇ.

ಹಾಗಂತ ಹಚ್ಚೆಗೆಲ್ಲ ಆಳವಾದ ಅರ್ಥ ಇರಲೇಬೇಕೆಂದೂ ಇಲ್ಲ. ಅರಿಯಾನಾ ಗ್ರಾಂಡೆ ಎಂಬ ಇನ್ನೊಬ್ಬ ಗಾಯಕಿ 2019ರಲ್ಲಿ 'ಏಳು ಉಂಗುರ' ಎಂದು ಅಂಗೈಯಲ್ಲಿ ಜಪಾನಿ ಲಿಪಿಯಲ್ಲಿ ಬರೆಸಿಕೊಳ್ಳಲು ಹೋದಳು. ನೋವು ತಾಳಲಾರದೆ ನಡುವೆ ಕೆಲವು ಅಕ್ಷರ ಬಿಡಿಸಿದಳು. ಉಳಿದದ್ದನ್ನು ಜಪಾನಿನವರು ಓದಿದರೆ ಇದ್ದಿಲಿನ ಮೇಲೆ ಮಾಂಸ ಸುಡುವ ಸಣ್ಣ ಒಲೆ ಎಂದಾಯಿತು. ಎಡ್ ಶೀರನ್ ಎಂಬ ಗಾಯಕನಿಗೆ 'ಗಾಲ್ವೇ ಗರ್ಲ್' ಎಂದು ಬರೆಯಬೇಕಾದಲ್ಲಿ ನಟಿಯೊಬ್ಬಳು ತಮಾಷೆಗೆ 'ಗಾಲ್ವೇ ಗ್ರಿಲ್' ಎಂದು, ಅಂದರೆ ಹುಡುಗಿಯ ಬದಲು ಸುಡುವ ಒಲೆ ಎಂದು, ಬರೆದುಕೊಟ್ಟಳು, ಅದೇ ಅವನ ತೋಳಿನಲ್ಲಿ ಉಳಿಯಿತು. ಇಬ್ಬರಿಗೂ ಕೊನೆಗೆ ಒಲೆಯೇ ಗಂಟುಬಿದ್ದದ್ದು ನೋಡಿ. ನಿಮ್ಮ ಮಗಳ ಗುಲಾಬಿ ಮತ್ತು ಸಂಗೀತದ ಗುರುತಿಗೆ ಅಂಥ ಗುಟ್ಟೇನೂ ಇರಲಾರದು. ಇಷ್ಟದ ಹಾಡುಗಾರ್ತಿಯ ಹಾಗೆ ಇರಬೇಕೆಂಬ ಆಸೆ ಅಷ್ಟೆ. ನಾವು ಸಿನಿಮಾ ನಟಿಯ ಹಾಗೆ ಮುಂಗುರುಳು ಕತ್ತರಿಸಿಕೊಂಡವರಲ್ಲವೇ. ಮುಂಗುರುಳು ಬೆಳೆಯುತ್ತದೆ ಎನ್ನುವುದೊಂದೇ ವ್ಯತ್ಯಾಸ.

ನನ್ನ ಅಜ್ಜಿ ಪಿರಿಯಾಪಟ್ಟಣದ ಕಡೆಯವರು. ಮುಂಗೈ ತುಂಬ ಹಸಿರು ಹಚ್ಚೆ. ಕೊರವಂಜಿ ಜಗುಲಿಯಲ್ಲಿ ಕೂತು, ನೋವು ಮರೆಯಲೆಂದು ಹಾಡು ಹೇಳುತ್ತಾ ಚುಚ್ಚಿದ್ದಂತೆ. ಸತ್ತ ಮೇಲೆ ಜೊತೆಗೆ ಬರುವುದು ಹಚ್ಚೆ ಒಂದೇ, ಬಳೆಯೂ ಬರುವುದಿಲ್ಲ ಎನ್ನುತ್ತಿದ್ದರು. ಮಣಿಕಟ್ಟಿನ ಹತ್ತಿರ ಚೌಕಾಕಾರದ್ದೊಂದು ಇತ್ತು. ಇದೇನಜ್ಜಿ ಎಂದರೆ ನನಗೆ ತೇರು ಎಂದರು. ಚಿಕ್ಕಪ್ಪನ ಮಗಳಿಗೆ ತೊಟ್ಟಿಲು ಎಂದಿದ್ದರಂತೆ. ಅಜ್ಜಿ ಹೋದ ಮೇಲೆ ನಾವಿಬ್ಬರೂ ಇದೇ ವಿಷಯಕ್ಕೆ ಜಗಳ ಮಾಡಿಕೊಂಡೆವು. ಅವರು ಹದಿನೈದು ವರ್ಷಕ್ಕೆ ಹಾಕಿಸಿಕೊಂಡಾಗ ಅದು ಮೂರನೆಯದೇ ಏನೋ ಆಗಿತ್ತೇನೋ, ಯಾರು ಬಲ್ಲರು.

ಈಗ ನಿಮ್ಮ ಮೀನಿನ ಮುಳ್ಳಿಗೆ ಬರುತ್ತೇನೆ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಎರಡನೇ ಸಲ ಓದುವಾಗ ಒಂದು ಕಡೆ ನಿಂತೆ.

ಮೀನಿನ ಮುಳ್ಳು ನಡುಗೆರೆಯ ಎರಡೂ ಬದಿಗೆ ಜೋಡಿಜೋಡಿಯಾಗಿ ಹೊರಡುತ್ತದೆ. ನೀವು ಬರೆದಿರುವುದು "ಆ ಕಡೆ ಒಂದು ಈ ಕಡೆ ಒಂದು" ಎಂದು. ತಲೆ ಇಲ್ಲ, ಬಾಲ ಇಲ್ಲ. ನಮ್ಮಲ್ಲಿ ಹಾಗೆ ಇರುವುದು ಇನ್ನೊಂದಿದೆ. ಮೆಣಸು ಕುಯ್ಯುವ ಒಂಟಿ ಬಿದಿರಿನ ಏಣಿ. ಬಿದಿರಿನ ಕವಲು ಒಂದು ಗಣ್ಣಿಗೆ ಎಡಕ್ಕಾದರೆ ಮುಂದಿನ ಗಣ್ಣಿಗೆ ಬಲಕ್ಕೆ ಒಡೆಯುತ್ತದೆ. ಅದನ್ನು ಪೂರ್ತಿ ಸವರದೆ ಹೆಬ್ಬೆರಳು ಊರುವಷ್ಟು ಮೋಟು ಬಿಟ್ಟರೆ ಅದೇ ಮೆಟ್ಟಿಲು. ಸಿಲ್ವರ್ ಓಕ್ ಮರಕ್ಕೆ ಅದನ್ನು ಒರಗಿಸಿ ನಿಲ್ಲಿಸಿದಾಗ ದೂರದಿಂದ ಹೇಗೆ ಕಾಣುತ್ತದೆ, ಕಣ್ಣು ಮುಚ್ಚಿ ನೆನಪಿಸಿಕೊಳ್ಳಿ. ಈಗ ಅಲ್ಯೂಮಿನಿಯಂ ಏಣಿ ಬಂದು ಒಂಟಿ ಏಣಿ ಅಪರೂಪವಾಗಿದೆ, ನಿಜ. ಆದರೆ ಎಂಟು ವರ್ಷದ ಹಿಂದೆ ನಿಮ್ಮ ತೋಟದಲ್ಲಿ ಯಾವುದಿತ್ತು?

ನೀವು ಆ ಭಾನುವಾರದ ವಿಷಯವನ್ನು ಎರಡೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಕೆಳಗೆ ಹಿಡಿದುಕೊಂಡು ನಿಂತಿದ್ದಳು, ಪುಣ್ಯಕ್ಕೆ ಅವಳಿಗೆ ಏನೂ ಆಗಲಿಲ್ಲ. ಆಗ ಅವಳಿಗೆ 14 ವರ್ಷ. ಅವಳು ಹಿಡಿದಿದ್ದ ಏಣಿಯಿಂದ ಅಪ್ಪ ಬಿದ್ದರು. ಆಸ್ಪತ್ರೆ, ಬೆಲ್ಟು, ಖರ್ಚು, ಆ ವರ್ಷದ ಮೆಣಸು ಯಾರು ಕುಯ್ಯುವುದು ಎಂಬ ತಲೆಬಿಸಿ, ಅದರ ನಡುವೆ ಅವಳನ್ನು ಕೂರಿಸಿಕೊಂಡು ನಿನ್ನ ತಪ್ಪಲ್ಲ ಎಂದು ಯಾರಾದರೂ ಹೇಳಿದ್ದಿರಾ? ದೂರುತ್ತಿಲ್ಲ. ಅಂಥ ಹೊತ್ತಿನಲ್ಲಿ ಮೈ ಮುರಿದವರನ್ನು ನೋಡುತ್ತೇವೆ, ಮೈ ನೆಟ್ಟಗಿರುವವರು ಚೆನ್ನಾಗಿದ್ದಾರೆ ಎಂದುಕೊಳ್ಳುತ್ತೇವೆ. ಎಲ್ಲರ ಮನೆಯಲ್ಲೂ ಹೀಗೇ. ಆ ಹಾಡುಗಾರ್ತಿಯ ಹತ್ತಾರು ಹಚ್ಚೆಗಳಲ್ಲಿ ಅಪ್ಪನ ಆಪರೇಷನ್ನಿನದ್ದನ್ನೇ ಅವಳು ನಿಮಗೆ ಮೊದಲು ಹೇಳಿದ್ದು, ಅದು ನನಗೆ ಸುಮ್ಮನೆ ಅನಿಸಲಿಲ್ಲ.

ನನ್ನ ಊಹೆ ಪೂರ್ತಿ ತಪ್ಪಿರಬಹುದು. ಮಡಿಕೇರಿಯಲ್ಲಿ ಕೂತು, ನೋಡದ ಹುಡುಗಿಯ ಕಾಣದ ಹಚ್ಚೆಗೆ ಕಥೆ ಕಟ್ಟುವುದು ಅಂಕಣ ಬರೆಯುವವರ ಚಾಳಿ. ನಿಜಕ್ಕೂ ಮೀನಿನ ಮುಳ್ಳೇ ಆಗಿರಲೂಬಹುದು. ಅದಕ್ಕೇ ಹೇಳುತ್ತೇನೆ, "ಇದು ಏಣಿಯಾ?" ಎಂದು ಮಾತ್ರ ಕೇಳಬೇಡಿ. ಊಹೆ ತಪ್ಪಾದರೆ ಅವಳು ನಗುತ್ತಾಳೆ, ಸರಿಯಾದರೆ ಅವಳ ಬಾಯಿಂದ ಬರಬೇಕಾದದ್ದನ್ನು ನೀವು ಕಿತ್ತುಕೊಂಡಂತಾಗುತ್ತದೆ. ಯಜಮಾನರಿಗೂ ಹೇಳಬೇಡಿ. "ನೋಡಿ, ನಿಮಗಾಗಿಯೇ ಹಾಕಿಸಿಕೊಂಡಿದ್ದಾಳೆ" ಎಂದು ನೀವು ರಾಯಭಾರಕ್ಕೆ ಹೊರಟರೆ ಇಬ್ಬರೂ ಮುದುಡಿಕೊಳ್ಳುತ್ತಾರೆ. ಹಚ್ಚೆಯ ಮಾತು ಬಿಟ್ಟು ಆ ಭಾನುವಾರದ ಮಾತು ತೆಗೆಯಿರಿ. "ಅವತ್ತು ನಿನ್ನನ್ನು ನಾನು ಏನೂ ಕೇಳಲೇ ಇಲ್ಲವಲ್ಲ" ಎಂದಷ್ಟು ಸಾಕು. ಅವಳು ಮೊಬೈಲ್ ನೋಡುತ್ತಲೇ ಇದ್ದರೂ ಕೇಳಿಸಿಕೊಂಡಿರುತ್ತಾಳೆ. ಅಂದೇ ಉತ್ತರ ಬೇಕೆಂದು ಕೂರಬೇಡಿ.

ಭಾವನ ಮಗನ ಮಾತಿಗೆ: ಅವನು ಹೇಳಿದ್ದರಲ್ಲಿ ಕಾಲು ಭಾಗ ನಿಜ. ಭೂಸೇನೆಯ ಭರ್ತಿಯಲ್ಲಿ ಹಚ್ಚೆಗೆ ಕಟ್ಟುನಿಟ್ಟಿದೆ. ಮೊಣಕೈ ಒಳಗಿನಿಂದ ಮಣಿಕಟ್ಟಿನವರೆಗೆ ಮುಂಗೈಯ ಒಳಮೈ ಮೇಲೆ ಮತ್ತು ಅಂಗೈಯ ಹಿಂಬದಿಯಲ್ಲಿ ಇದ್ದರೆ ಒಪ್ಪುತ್ತಾರೆ, ಬುಡಕಟ್ಟಿನವರಿಗೆ ಅವರ ಸಂಪ್ರದಾಯದಂತೆ ವಿನಾಯಿತಿ ಉಂಟು. ಬೆಂಗಳೂರಿನಲ್ಲಿ ಲೆಕ್ಕ ಬರೆಯುವ ನಿಮ್ಮ ಮಗಳಿಗೆ ಅದರ ಗೊಡವೆ ಇಲ್ಲ. ನೀವು ಕೇಳಬೇಕಾದ ಪ್ರಶ್ನೆ ಬೇರೆ: ಪ್ರತಿ ಸಲ ಹೊಸ ಸೂಜಿ, ಹೊಸ ಬಣ್ಣದ ಬಟ್ಟಲು ಬಳಸಿದರೇ ಎಂದು. ಹೆಪಟೈಟಿಸ್ ಬಿ, ಸಿ ಹರಡುವುದು ಹಳೇ ಸೂಜಿಯಿಂದ. ಅಳಿಸಿಬಿಡು ಎಂಬ ಮಾತು ಸದ್ಯಕ್ಕೆ ಬೇಡ. ಬಣ್ಣ ಕೂರುವುದು ಚರ್ಮದ ಒಳಪದರದಲ್ಲಿ. ಮೈಯ ಕಾವಲು ಕಣಗಳು ಅದನ್ನು ನುಂಗಿ ಅರಗಿಸಲಾರದೆ ಹಿಡಿದುಕೊಂಡೇ ಇರುತ್ತವೆ, ಒಂದು ಸತ್ತರೆ ಇನ್ನೊಂದು ಬಂದು ಹಿಡಿಯುತ್ತದೆ. ಲೇಸರ್‌ಗೆ ಹಲವು ಸಲ ಹೋಗಬೇಕು, ಖರ್ಚು ಜಾಸ್ತಿ, ನೋವೂ ಜಾಸ್ತಿ. ಕಪ್ಪು ಬೇಗ ಹೋದರೂ ಹಸಿರು, ಹಳದಿ ಹಟ ಹಿಡಿಯುತ್ತವೆ.

ಯಜಮಾನರ ವಿಷಯಕ್ಕೆ ಒಂದೇ ಮಾತು. ಮಗಳು ಬರಲಿ ಎಂದು ಅವರಿಗೂ ಇದೆ. ಕೈ ಮುಚ್ಚಿಕೊಂಡು ಬರಲಿ ಎಂದರೆ ಬರಲಿ ಎಂದೂ ಆಯಿತಲ್ಲ. ಅವರ ಷರತ್ತನ್ನು ಮಗಳಿಗೆ ಮುಟ್ಟಿಸುವ ಕೆಲಸವನ್ನು ಮಾತ್ರ ನಿಲ್ಲಿಸಿ, ಅವಳದ್ದನ್ನು ಅವರಿಗೆ ಮುಟ್ಟಿಸುವುದನ್ನೂ. ಬೇಕಾದರೆ ಅವರೇ ಫೋನ್ ಮಾಡಿಕೊಳ್ಳಲಿ.

ಅವಳು ಹಬ್ಬದ ಹಿಂದಿನ ದಿನವೇ ಬರುವ ಹಾಗೆ ನೋಡಿಕೊಳ್ಳಿ. ತಂಬಿಟ್ಟಿಗೆ ಬಾಳೆಹಣ್ಣು ಕಿವುಚುವ ಕೆಲಸ ಅವಳಿಗೆ ಕೊಡಿ. ಯಜಮಾನರ ಕುರ್ಚಿಯನ್ನು, ಸೊಂಟಕ್ಕೆ ಬೆಚ್ಚಗಿರುತ್ತದೆ ಎಂದು ಹೇಳಿ, ಒಲೆಯ ಹತ್ತಿರ ಹಾಕಿ. ಆ ಹಣ್ಣು, ಆ ಹಿಟ್ಟು ಕಲಸಬೇಕಾದರೆ ಯಾವ ಕುಪ್ಪಸ ಹಾಕಿದ್ದರೂ ತೋಳು ಮೊಣಕೈ ಮೇಲೆ ಸರಿಸಲೇಬೇಕು. ನೀವು ತುಪ್ಪ ತರುತ್ತೇನೆಂದು ಒಂದು ಹತ್ತು ನಿಮಿಷ ಒಳಗೆ ಹೋಗಿ ಬನ್ನಿ.