ವಾಡಿಗೆ ಬರೋರಿಗೆ: ಮಂದಿ, ಮನಿ, ನೀರು

ಸಿಮೆಂಟ್ ಫ್ಯಾಕ್ಟರಿ ಕೆಲಸಕ್ಕ ಕಲಬುರಗಿ ಜಿಲ್ಲಾದ ವಾಡಿ ಊರಿಗೆ ಬರಾಕತ್ತೀನಿ, ಮಂದಿ ಹ್ಯಾಂಗ, ಎಂಥಾ ಮನಿ ಹಿಡೀಲಿ ಅಂತ ಕೇಳೀರಿ. ಮಂದಿ ಭಾಳ ಛಲೋ ಅದಾರ್ರಿ. ಫ್ಯಾಕ್ಟರಿ, ರೈಲ್ವೆ, ಫರ್ಶಿ (ಹಾಸುಗಲ್ಲು) ಖಣಿ ನಂಬಿ ದುಡಿಯೋರು. ಕನ್ನಡ, ದಖನಿ, ಹಿಂದಿ ಕಲಸಿ ಮಾತಾಡ್ತಾರ. ರಾತ್ರಿ ಪಾಳಿಯವರು ಓಣಿ ತುಂಬ ಇರ್ತಾರ, ಹಗಲು ಜೋರು ಸಪ್ಪಳ ಮಾಡಬ್ಯಾಡ್ರಿ, ಅಷ್ಟೇ.

ಮನಿ ಹಿಡಿಯುವಾಗ ಮೊದಲು ಛತ್ತು ನೋಡ್ರಿ. ತಗಡಿನ ಮನಿ ಮೇ ತಿಂಗಳ ಬ್ಯಾಸಿಗ್ಯಾಗ ಆಗಲ್ಲ. ನೆಲಕ್ಕ ಫರ್ಶಿ ಇದ್ರ ತಂಪು. ಇದು ಸುಣ್ಣದ ಕಲ್ಲಿನ ನೆಲ, ಬೋರ್ ನೀರು ಗಡಸು; ಕೂಲರ್ ಪ್ಯಾಡಿಗೆ ಬಿಳಿ ಪದರ ಕಟ್ಟಿ ಗಾಳಿ ಕಡಿಮಿ ಆಗ್ತದ. ಬರೇ ಮ್ಯಾಲ ಮ್ಯಾಲ ನೀರು ಸುರಿದ್ರ ಉಪ್ಪಿನಂಶ ಟ್ಯಾಂಕಿನ್ಯಾಗೇ ಗಟ್ಟಿಯಾಗ್ತದ. ವಾರಕ್ಕೊಮ್ಮೆ ಪೂರಾ ಚೆಲ್ಲಿ, ತಿಕ್ಕಿ ತೊಳೆದು ತುಂಬ್ರಿ. ಜಂಕ್ಷನ್ ಊರು, ಕಲಬುರಗಿ, ಹೈದರಾಬಾದ್, ರಾಯಚೂರು ಮೂರೂ ಕಡಿ ರೈಲು ಸಿಗ್ತಾವ.