ಪ್ರತಿಕ್ರಿಯೆ: ಸೆಟ್‌ಟಾಪ್ ಬಾಕ್ಸಿನಲ್ಲಿರುವ ಜಂಬೂಸವಾರಿ ಕಂಪ್ಯೂಟರಿಗೆ

ಸರ್, ಪೆನ್‌ಡ್ರೈವಿಗೆ ರೆಕಾರ್ಡ್ ಮಾಡಿದ ಮೈಸೂರು ಜಂಬೂಸವಾರಿ ಕಂಪ್ಯೂಟರಿನಲ್ಲಿ ಯಾಕೆ ತೆರೆಯುತ್ತಿಲ್ಲ ಅಂತ ಕೇಳಿದ್ದೀರಿ. ಪೇ ಚಾನೆಲ್ ಬಾಕ್ಸುಗಳು ಸಾಮಾನ್ಯವಾಗಿ ರೆಕಾರ್ಡಿಂಗಿಗೆ ಬೀಗ ಹಾಕಿ ಬರೆಯುತ್ತವೆ, ಅದು ಆ ಬಾಕ್ಸಿನಲ್ಲಿ ಮಾತ್ರ ಓಡುತ್ತೆ. ವಿಂಡೋಸ್ ಫಾರ್ಮ್ಯಾಟ್ ಮಾಡಲೇ ಅಂತ ಕೇಳಿದರೆ ದಯವಿಟ್ಟು ಒಪ್ಪಬೇಡಿ, ಇರೋದೂ ಅಳಿಸಿಹೋಗುತ್ತೆ.

ಹಾಗಾಗಿ ಬಾಕ್ಸಿನಲ್ಲೇ ಮೆರವಣಿಗೆ ಓಡಿಸಿ, ಅದನ್ನು ಕಂಪ್ಯೂಟರಿನಲ್ಲಿ ಮತ್ತೆ ರೆಕಾರ್ಡ್ ಮಾಡಿಕೊಳ್ಳಬೇಕು. ಬಾಕ್ಸಿನ ಎವಿ ಔಟಿನಿಂದ (ಚಿತ್ರ, ಧ್ವನಿ ಹೊರಬರುವ ತೂತು) ಯುಎಸ್‌ಬಿ ಕ್ಯಾಪ್ಚರ್ ಡಾಂಗಲಿಗೆ (ಅವನ್ನು ಕಂಪ್ಯೂಟರಿಗೆ ಕೊಡುವ ಪುಟ್ಟ ಸಾಧನ) ಹಳದಿ, ಕೆಂಪು, ಬಿಳಿ ಪಿನ್ ಚುಚ್ಚಿ. ಓಬಿಎಸ್‌ ಎಂಬ ಉಚಿತ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಪಾಲ್ (ನಮ್ಮ ಟಿವಿ ಪದ್ಧತಿ), 720×576 ಗಾತ್ರ, ಸೆಕೆಂಡಿಗೆ 25 ಫ್ರೇಮ್ ಇಟ್ಟು, ಚಿತ್ರದ ಅಡ್ಡಗೆರೆಗಳನ್ನು ಹೋಗಲಾಡಿಸುವ ಡೀಇಂಟರ್‌ಲೇಸ್ ಆನ್ ಮಾಡಿ. ಎರಡು ಗಂಟೆ ಮೆರವಣಿಗೆಗೆ ಎರಡು ಗಂಟೆಯೇ ಹಿಡಿಯುತ್ತೆ. ಬಿಟ್‌ರೇಟ್ 4 ಎಂಬಿಪಿಎಸ್‌ (ಸೆಕೆಂಡಿಗೆ 4 ಮೆಗಾಬಿಟ್) ಇಟ್ಟರೆ ಗಂಟೆಗೆ ಸುಮಾರು 1.8 ಜಿಬಿ ಜಾಗ ಬೇಕು.

ಬಾಕ್ಸಿನ ಎವಿ ಔಟ್ ಹೆಡ್‌ಫೋನ್ ತೂತಿನಂಥ ಒಂದೇ 3.5 ಎಂಎಂ ತೂತಾಗಿದ್ದು, ಚಿತ್ರ ಬಾರದೆ ಸ್ಪೀಕರ್ ಗುಂಯ್ ಅಂದರೆ, ಆ ಕೇಬಲಿನ ಒಳಗಿನ ವೈರಿಂಗ್ ಬೇರೆ ಇರಬಹುದು. ಡಾಂಗಲಿನ ಹಳದಿ ತೂತಿಗೆ ಕೆಂಪು ಪಿನ್ ಹಾಕಿ ನೋಡಿ. ಎಚ್‌ಡಿಎಂಐ ಹಾದಿ ಬೇಡ, ಕಾಪಿ ರಕ್ಷಣೆಯಿಂದ ಪರದೆ ಕಪ್ಪಾಗುತ್ತೆ.